ಕಾಯುವವರಿಲ್ಲದ ಕುರಿ ನೋಡಲು ಹೋದ ಬೀರಲಿಂಗ

ಬೀರಲಿಂಗಣ್ಣನ ಮುಖಕ್ಕಿಂತ ಅವನ ಬೆನ್ನೇ ನನಗೆ ಹೆಚ್ಚು ಪರಿಚಯ. ಅವನು ಮಸ್ಕಿ ಕಡೆಯ ಕುರಿಗಾರ. ಚಿಕ್ಕವನಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ, ಅವನು ಯಾವತ್ತೂ ಹಿಂಡಿನ ಮುಂದೆಯೇ ನಡೆಯುತ್ತಿದ್ದ. ಹೆಗಲ ಮೇಲೆ ಕರಿ ಕಂಬಳಿ, ಅದರ ಮೇಲೆ ಅಡ್ಡ ಹಾಕಿದ ಕೋಲು, ಕೋಲಿನ ಎರಡೂ ತುದಿಗೆ ಜೋತುಬಿಟ್ಟ ಕೈಗಳು. ಹಿಂದೆ ಮುನ್ನೂರು ಕುರಿ. ಕುರಿಗಳ ಹಿಂದೆ, ಎದ್ದ ಧೂಳಿನಲ್ಲಿ ಕಂಡೂ ಕಾಣದ ಹಾಗೆ, ಮಗಳು ನಾಗವೇಣಿ.

ಅವರ ಮನೆತನದಲ್ಲಿ ಅದೊಂದು ಕಟ್ಟಳೆ. ಹಿಂಡಿಗೆ ಮುಂದೊಬ್ಬರು, ಹಿಂದೊಬ್ಬರು. ಎಲ್ಲಿ ಮೇಯಿಸಬೇಕು, ಯಾವ ಹಳ್ಳಕ್ಕೆ ನೀರಿಗೆ ಇಳಿಸಬೇಕು, ಯಾರ ಹೊಲದಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಮುಂದೆ ಹೋಗುವವರೇ ತೀರ್ಮಾನಿಸುತ್ತಾರೆ. ಹಿಂದೆ ಬರುವವರು ಕುಂಟುವ ಕುರಿ, ಸೋತ ಮರಿ, ಮುಳ್ಳಿಗೆ ಸಿಕ್ಕಿಕೊಂಡದ್ದು ಇವನ್ನೆಲ್ಲ ನೋಡಿಕೊಂಡು ತೆಪ್ಪಗೆ ಬರಬೇಕು. ಮುಂದಿನ ಜಾಗ ಬಿಟ್ಟುಕೊಟ್ಟ ದಿನವೇ ಹಿಂಡು ಕೈ ಬದಲಾಯಿಸಿತು ಎಂದು ಲೆಕ್ಕ. ಕಾಗದ ಇಲ್ಲ, ಪಂಚರಿಲ್ಲ. ಬೀರಲಿಂಗಣ್ಣ ಹತ್ತೊಂಬತ್ತನೇ ವಯಸ್ಸಿಗೆ ತಂದೆಯಿಂದ ಆ ಜಾಗ ಪಡೆದ. ಈ ಕತೆ ನಡೆದಾಗ ಅವನಿಗೆ ಅರವತ್ಮೂರು. ನಾಗವೇಣಿ ಹನ್ನೆರಡನೇ ವಯಸ್ಸಿಗೆ ಹಿಂದೆ ನಡೆಯತೊಡಗಿದಳು. ಆಗ ಅವಳಿಗೆ ಮೂವತ್ನಾಲ್ಕು. ಅವಳ ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಅವಳಿಗೆ ಕುರಿ ಬಿಟ್ಟರೆ ಬೇರೆ ಯಾವ ಆಸೆಯೂ ಇಲ್ಲ. ಮೂರು ವರ್ಷದಿಂದ ಅಪ್ಪನನ್ನು ಕೇಳುತ್ತಿದ್ದಳು, ಮುಂದಿನ ಜಾಗ ಕೊಡು ಎಂದು. ಅವನದು ಒಂದೇ ಉತ್ತರ, "ಮುಂದಿನ ವರ್ಸ ನೋಡೂನು."

ಇನ್ನು ನಾನು. ಲಕ್ಷ್ಮಣ, ಹಟ್ಟಿ ಚಿನ್ನದ ಗಣಿಯಲ್ಲಿ ಸರ್ವೆಯವ. ಕೇಜು ಎಂಬ ಗಣಿ ಲಿಫ್ಟಿನಲ್ಲಿ ಎಂಟುನೂರು ಮೀಟರು ಕೆಳಗಿಳಿದು ಸುರಂಗ ಅಳೆಯುವುದು ನನ್ನ ಹೊಟ್ಟೆಪಾಡು. ರಜೆ ಸಿಕ್ಕರೆ ಗುಡ್ಡ ಹತ್ತುವುದು ನನ್ನ ಹುಚ್ಚು. "ವರ್ಸದಾಗ ಒಂದೀಟು ದಿನಾನಾದ್ರೂ ನೆಲದ ಮ್ಯಾಲೆ ಇರ್ರಿ," ಎಂದು ಹೆಂಡತಿ ಪದ್ಮಾವತಿ ಬೈಯುತ್ತಾಳೆ. ಹಿಮಚಿರತೆ ನೋಡಬೇಕೆಂದು ನಾಲ್ಕು ಸಲ ಹಿಮಾಲಯಕ್ಕೆ ಹೋಗಿದ್ದೆ. ನಾಲ್ಕು ಸಲವೂ ಅದರ ಹಿಕ್ಕೆ ನೋಡಿ ಬಂದಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕಂಪನಿಯ ಕ್ವಾರ್ಟರ್ಸಿನಲ್ಲೆಲ್ಲ ಹೆಸರಿದೆ. ಅದು ಮುಂದೆ ಬೇಕಾಗುವುದರಿಂದ ಈಗಲೇ ಹೇಳಿಬಿಟ್ಟೆ.

ನಮ್ಮ ಹೊಲ ಮುಕ್ಕುಂದದಲ್ಲಿದೆ. ಕಾಲುವೆ ನೀರಿನ ಭತ್ತ. ಎರಡನೇ ಬೆಳೆ ಕೊಯ್ದ ಮೇಲೆ ಒಣಸೀಮೆಯ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ಗೊಬ್ಬರ ಆಗಲೆಂದು ಅವರನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ನಮ್ಮ ತಂದೆಯ ಕಾಲದಿಂದಲೂ ನಮ್ಮ ಹೊಲಕ್ಕೆ ಬೀರಲಿಂಗಣ್ಣನದೇ ಹಿಂಡು. ನಮ್ಮ ಓಣಿಗೆ ಬರಲು ಕೆಲವರು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲೂ ಅವನು ಸೀದಾ ಒಳಗೆ ಬಂದು, ಬುದ್ಧನ ಪಟದ ಕೆಳಗೆ ಕೂತು, ರೊಟ್ಟಿ ಉಂಡು ಹೋಗುತ್ತಿದ್ದ. ಅದಕ್ಕೆ ನಾನು ಅವನನ್ನು ಅಣ್ಣ ಎನ್ನುವುದು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಹೊಲಕ್ಕೆ ಹೋದಾಗ ನನ್ನ ಜೊತೆ ಅಜೀಮ್ ಇದ್ದ. ಅವನದು ಲಿಂಗಸುಗೂರಿನಲ್ಲಿ ಫೋಟೋ ಸ್ಟುಡಿಯೋ. ಮದುವೆ ಸೀಜನ್ನಿನಲ್ಲಿ ಮದುವೆ ತೆಗೆಯುತ್ತಾನೆ, ಸೀಜನ್ ಮುಗಿದರೆ ಮೊಳಕೈ ಉದ್ದದ ಲೆನ್ಸ್ ಹಿಡಿದು ನನ್ನ ಜೊತೆ ಗುಡ್ಡಕ್ಕೆ ಬರುತ್ತಾನೆ. ಹಿಂದಿನ ಸಲ ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ತೆಗೆದ ಚಿತ್ರಗಳನ್ನು ಮೊಬೈಲಿನಲ್ಲಿ ಬೀರಲಿಂಗಣ್ಣನಿಗೆ ತೋರಿಸಿದ. ಬರೀ ಕಲ್ಲಿನ ಗುಡ್ಡ, ಅದರ ಮೈಮೇಲೆ ಬೂದಿಬಣ್ಣದ ಕುರಿಗಳ ಸಾಲು. ಭರಲ್ ಅಂತ ಅವುಗಳ ಹೆಸರು. ನೀಲಿ ಕುರಿ ಅಂತಲೂ ಅನ್ನುತ್ತಾರೆ.

"ಯಾರ ಕುರಿ ಇವು?"

"ಯಾರ್ದೂ ಅಲ್ಲ ಚಾಚಾ. ಕಾಡುಕುರಿ."

"ಕಾಯಾಂವ ಯಾರು?"

"ಯಾರೂ ಇಲ್ಲ."

"ಮರಿ ಈಯೂ ಮುಂದ ಯಾರು ನೋಡ್ತಾರ? ತ್ವಾಳ ಬಂದ್ರ?"

"ತ್ವಾಳನೂ ಅದಾವ, ಹಿಮಚಿರತೀನೂ ಐತಿ. ಅವೇ ನೋಡ್ಕೋತಾವ."

ಬೀರಲಿಂಗಣ್ಣ ಮೊಬೈಲು ವಾಪಸು ಕೊಟ್ಟ. "ಸುಳ್ಳ ಹೇಳಬ್ಯಾಡ. ಕಾಯೋರಿಲ್ಲದ ಕುರಿ ಮೂರು ದಿನ ಉಳಿಯಂಗಿಲ್ಲ. ಆ ಚಿತ್ರದಾಗ ಕಾಣವಲ್ದಂಗ ಯಾವನೋ ಒಬ್ಬ ಕುರಿಗಾರ ಕುಂತಿರ್ತಾನ."

ಅತ್ತ ನಾಗವೇಣಿ ಒಂದು ಮರಿಯ ಕಾಲಿಗೆ ಅರಿವೆ ಸುತ್ತುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು. "ಹೋಗಿ ನೋಡಿ ಬಾ ಯಪ್ಪಾ. ಅಲ್ಲಿ ತನಕ ಹಿಂಡು ನಾ ನಡಸ್ತೀನಿ. ಕಾಯೋರಿಲ್ಲದಽ ಬದುಕ್ಯಾವ ಅನ್ನೂದು ಖರೇ ಆದ್ರ, ಬಂದ ಮ್ಯಾಲೆ ನೀ ಹಿಂದ ಬರಬೇಕು. ಸುಳ್ಳಾದ್ರ ನಾ ಮತ್ತ ಮುಂದಿನ ಜಾಗದ ಮಾತು ಎತ್ತಂಗಿಲ್ಲ."

ನಾವು ನಕ್ಕೆವು. ಅವಳು ನಗಲಿಲ್ಲ, ಅಪ್ಪನೂ ನಗಲಿಲ್ಲ.

ಎಂಟು ದಿನ ಬಿಟ್ಟು ಬೀರಲಿಂಗಣ್ಣ ಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಕಂಬಳಿ ಹೆಗಲ ಮೇಲೆ, ಕೋಲು ಕೈಯಲ್ಲಿ. ನಮ್ಮ ಮನೆಯ ಬಾಗಿಲಲ್ಲಿ ನಿಂತು, "ನಾನೂ ಬರ್ತೀನಿ," ಎಂದ. "ನೋಡಾಕ ಅಲ್ಲ, ಸುಳ್ಳು ಹಿಡಿಯಾಕ." ಪದ್ಮಾವತಿ ಚಹಾ ತಂದವಳು ಅಲ್ಲೇ ನಿಂತು ನನ್ನ ಮುಖ ನೋಡಿದಳು. ಒಬ್ಬ ಹುಚ್ಚನಿಗೆ ಇನ್ನೊಬ್ಬ ಸಿಕ್ಕ ಎಂಬ ಅರ್ಥದ ನೋಟ ಅದು.

ಜೂನ್ ಕೊನೆಗೆ ಹೊರಟೆವು. ರಾಯಚೂರಿನಿಂದ ದಿಲ್ಲಿಗೆ ರೈಲು, ಮುಂದೆ ಬಸ್ಸು, ಅದರ ಮುಂದೆ ಜೀಪು. ನೆಟ್‌ವರ್ಕ್ ಸಿಕ್ಕಲ್ಲೆಲ್ಲ ಬೀರಲಿಂಗಣ್ಣ ಮಗಳಿಗೆ ಫೋನು ಹಚ್ಚುತ್ತಿದ್ದ. ನೀರು ಕುಡಿದಾವೇನು, ಆ ಕುಂಟಿ ಹೆಂಗೈತಿ, ಉತ್ತರದ ಹಳ್ಳಕ್ಕೆ ಬಿಡಬ್ಯಾಡ, ಅಲ್ಲಿ ಹುಲ್ಲಿಗೆ ಔಷಧಿ ಹೊಡೆದಾರ. ನಾಗವೇಣಿ ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದಳು. ಅವಳ ಹೂಂ ಕೇಳಿದರೆ ನನಗೇ ಗೊತ್ತಾಗುತ್ತಿತ್ತು, ಅವಳು ತನಗೆ ತಿಳಿದಂತೆಯೇ ಮಾಡುತ್ತಿದ್ದಾಳೆ ಎಂದು.

ಸ್ಪಿತಿಯಲ್ಲಿ ಎರಡು ದಿನ ಅಲ್ಲಿಯ ತೆಳು ಗಾಳಿಗೆ ಮೈ ಒಗ್ಗಿಸಿಕೊಳ್ಳಬೇಕು. ಬೆರಳಿಗೆ ಚಿಮಟಿಗೆಯಂಥದ್ದು ಸಿಗಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ನೋಡುತ್ತಾರೆ. ಅಜೀಮನಿಗೆ ವಾಂತಿ. ನನಗೆ ತಲೆ ಸಿಡಿತ. ಬೀರಲಿಂಗಣ್ಣ ಬೆರಳು ಮುಂದೆ ಚಾಚಿ, "ಎಂಬತ್ತೆಂಟು ಅಂದ್ರ ಪಾಸೋ, ಫೇಲೋ?" ಎಂದು ಕೇಳಿದ. ನನ್ನದು ಎಂಬತ್ತೆರಡಿತ್ತು.

ಬೂಟು ಒಂದು ಜಗಳವೇ ಆಯಿತು. ನಾನು ಹಟ ಹಿಡಿದು ಹಾಕಿಸಿದೆ. ಒಂದು ದಿನ ಹಾಕಿಕೊಂಡು ನಡೆದ. ಸಂಜೆ ಬಿಚ್ಚಿ, "ಕಾಲಿಗೆ ಕಣ್ಣು ಕಟ್ಟಿದಂಗ ಆಕ್ಕೈತಿ ಲಕ್ಷ್ಮಣ್ಣ," ಎಂದ. ಮರುದಿನದಿಂದ ಮಂಜು ಸಿಕ್ಕ ಕಡೆ ಮಾತ್ರ ಬೂಟು, ಉಳಿದ ಕಡೆ ಮಸ್ಕಿಯಲ್ಲಿ ಹೊಲಿಸಿದ ದಪ್ಪ ಚಪ್ಪಲಿ. ಬೂಟಿನ ನಾನು ಮೂರು ಸಲ ಜಾರಿ ಬಿದ್ದೆ, ಚಪ್ಪಲಿಯ ಅವನು ಒಂದು ಸಲವೂ ಬೀಳಲಿಲ್ಲ. ಇದನ್ನು ಬರೆಯಲು ಈಗಲೂ ನನಗೆ ಮನಸ್ಸಿಲ್ಲ, ಆದರೆ ನಡೆದದ್ದು ಹಾಗೆ.

ನಮಗೆ ದಾರಿ ತೋರಿಸುವವನು ತಂಡುಪ್ ಎಂಬಾತ, ಅಲ್ಲಿಯವನೇ. ಅವನ ಮನೆಯಲ್ಲೂ ಕುರಿ, ಮೇಕೆ, ಯಾಕ್ ಇದ್ದವು. ಅವನ ಹಿಂದಿಗೂ ನನ್ನ ಹಿಂದಿಗೂ ಹೊಂದಾಣಿಕೆ ಆಗುತ್ತಿರಲಿಲ್ಲ. ಬೀರಲಿಂಗಣ್ಣ ಮಸ್ಕಿ ಸಂತೆಯಲ್ಲಿ ಕುರಿ ವ್ಯಾಪಾರಿ ಮಹಮ್ಮದಸಾಬನ ಜೊತೆ ನಲವತ್ತು ವರ್ಷ ಚೌಕಾಸಿ ಮಾಡಿ ಕಲಿತ ಉರ್ದುವಿನಲ್ಲಿ, "ತುಮಾರೆ ಕನೆ ಕಿತ್ತೆ ಬಕ್ರ್ಯಾಂ?" ಎಂದು ಶುರುಮಾಡಿದ. ನಿನ್ನ ಹತ್ತಿರ ಎಷ್ಟು ಕುರಿ ಎಂದು ಕೇಳಿದ್ದು. ಅಲ್ಲಿಂದ ಅವರಿಬ್ಬರೂ ಮುಂದೆ, ನಾವಿಬ್ಬರೂ ಹಿಂದೆ. ದಾರಿಯಲ್ಲಿ ಒಂದು ಬೌದ್ಧ ಗುಡಿ ಬಂತು. ಒಳಗೆ ಇಣುಕಿ ನೋಡಿ ಬೀರಲಿಂಗಣ್ಣ ನನ್ನತ್ತ ತಿರುಗಿ, "ನಿಮ್ಮನಿ ಪಟದಾಗಿನಾಂವ ಇಲ್ಲಿ ಅದಾನ ನೋಡು," ಎಂದ, ಬೀಗರ ಊರಿನಲ್ಲಿ ಪರಿಚಯದವರು ಸಿಕ್ಕಷ್ಟು ಖುಷಿಯಿಂದ.

ನಡಿಗೆ ಆರು ದಿನದ್ದು. ಮೊದಲ ಎರಡು ದಿನ ಒಂದು ಕೆಂಪು ನರಿ, ಬಹಳ ದೂರದಲ್ಲಿ ಬಾಗಿದ ಕೊಂಬಿನ ಕಾಡುಮೇಕೆಗಳು, ತಲೆಯ ಮೇಲೆ ಸುತ್ತುವ, ಎಲುಬು ತಿನ್ನುವ ಜಾತಿಯ ದೊಡ್ಡ ಹದ್ದು. ಭರಲ್ ಇಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ಪೊದೆಯ ಬಳಿ ಬೀರಲಿಂಗಣ್ಣ ಕುಕ್ಕರಗಾಲಲ್ಲಿ ಕೂತ. ನೆಲದಲ್ಲಿ ಬಿದ್ದಿದ್ದ ಹಿಕ್ಕೆ ಎತ್ತಿ, ಬೆರಳಿನಲ್ಲಿ ಒಡೆದು, ಮೂಸಿದ. ಸುತ್ತ ನಾಲ್ಕು ಹೆಜ್ಜೆ ಓಡಾಡಿದ.

"ನಿನ್ನೆ ಸಂಜಿಕ ಹೋಗ್ಯಾವ. ಇಪ್ಪತ್ತರ ಮ್ಯಾಲೆ ಅದಾವ. ಎಲ್ಲಾ ತಾಯಂದ್ರು, ಹಾಲು ಕುಡಿಯೂ ಮರಿ ಜೋಡಿ ಅದಾವ. ಟಗರು ಒಂದೂ ಇಲ್ಲ." ಕೋಲಿನಿಂದ ಎಡಗಡೆಯ ದಿಬ್ಬ ತೋರಿಸಿದ. "ಆ ಕಡಿ."

ತಂಡುಪ್ ಬಲಗಡೆಗೆ ಹೋಗಬೇಕೆಂದಿದ್ದ. ಈಗ ಎಡಕ್ಕೆ ತಿರುಗಿದ. ದಿಬ್ಬ ಹತ್ತಿ ಆಚೆ ನೋಡಿದರೆ ಎದುರು ಗುಡ್ಡದ ಮೇಲೆ ಇಪ್ಪತ್ಮೂರು ಹೆಣ್ಣು, ಏಳು ಮರಿ. ತಂಡುಪ್ ದುರ್ಬೀನು ಇಳಿಸಿ, ಬೀರಲಿಂಗಣ್ಣನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ನಾನು ಹದಿನೆಂಟು ವರ್ಷದಿಂದ ಉಪಕರಣ ಹಿಡಿದು ಅಳತೆ ಮಾಡುವವನು. ಬೆರಳಿನಿಂದ ಅಷ್ಟು ಕರಾರುವಾಕ್ಕಾಗಿ ಅಳೆದವರನ್ನು ಬೇರೆಲ್ಲೂ ಕಂಡಿಲ್ಲ.

ಅಲ್ಲೇ ದಿಬ್ಬದ ಮರೆಗೆ ಡೇರೆ ಹಾಕಿದೆವು. ಆ ದಿನವೂ ಮರುದಿನವೂ ಅವನು ಕಂಬಳಿ ಹೊದ್ದು ಬಂಡೆಗೆ ಒರಗಿ ಕೂತಿದ್ದೇ ಕೂತಿದ್ದು. ಒಮ್ಮೆ ಕೂತರೆ ಐದು ತಾಸು ಅಲುಗಾಡುತ್ತಿರಲಿಲ್ಲ. ಅರ್ಧ ಗಂಟೆಗೆ ನನ್ನ ಕಾಲು ಜೋಮು ಹಿಡಿಯುತ್ತಿತ್ತು, ಅಜೀಮನಿಗೆ ಚಹಾದ ನೆನಪಾಗುತ್ತಿತ್ತು. ಎರಡನೇ ದಿನದ ಮಧ್ಯಾಹ್ನದ ಹೊತ್ತಿಗೆ ಆ ಮೂವತ್ತೂ ಕುರಿಗಳ ಜಾತಕ ಅವನ ಬಾಯಲ್ಲಿತ್ತು. ಯಾವುದು ಯಾವುದರ ಮರಿ, ಯಾವುದಕ್ಕೆ ಮುಂಗಾಲು ನೋವು, ಯಾವುದು ಜಗಳಗಂಟಿ. ಎಡಕಿವಿ ಹರಿದ ಒಂದು ಮುದಿ ಹೆಣ್ಣು ಮುಂದೆ ನಡೆಯುತ್ತಿತ್ತು. ಅದಕ್ಕೆ ಹಿರೇವ್ವ ಎಂದು ಹೆಸರಿಟ್ಟ.

"ಮುಂದ ನಡಸಾಕಿ ಅದಾಳ, ಒಪ್ಪಿದ್ನಿ," ಎಂದ. "ಆದ್ರ ಹಿಂದ ಯಾರೂ ಇಲ್ಲ ನೋಡು. ಮರಿ ಹಿಂದ ಬೀಳಾಕತ್ತಾವ, ಕೇಳೋರಿಲ್ಲ. ಇವತ್ತಲ್ಲ ನಾಳೆ ಒಂದು ಹೋಕ್ಕೈತಿ." ದನಿಯಲ್ಲಿ ಮರಿಯ ಚಿಂತೆಯೂ ಇತ್ತು, ಮಗಳನ್ನು ಗೆದ್ದ ಸಣ್ಣ ಹಿಗ್ಗೂ ಇತ್ತು.

ಐದನೇ ದಿನ, ಸಂಜೆ ನಾಲ್ಕು ಗಂಟೆ ಹೊತ್ತು. ನಾನು ದುರ್ಬೀನಿಗೆ ಕಣ್ಣು ಹಚ್ಚಿ ಕೂತಿದ್ದೆ. ತಂಡುಪ್ ನನ್ನ ಭುಜದ ಮೇಲೆ ಕೈ ಇಟ್ಟ. ಹಿಂಡಿನ ಕೆಳಗಿನ ಬಂಡೆಗಳ ಕಡೆ ನೋಡು ಎಂದು ಪಿಸುಗುಟ್ಟಿದ. ನೋಡಿದೆ. ಕಲ್ಲು, ಕಲ್ಲು, ಮತ್ತೆ ಕಲ್ಲು. ಆಮೇಲೆ ಒಂದು ಕಲ್ಲಿಗೆ ಬಾಲ ಕಂಡಿತು. ದಪ್ಪ, ಉದ್ದ ಬಾಲ, ತುದಿ ಸಣ್ಣಗೆ ಅಲುಗುತ್ತಿತ್ತು. ನಾಲ್ಕು ಸಲ ಬಂದು ನೋಡದೆ ಹೋದದ್ದು ಅದು. ಅಜೀಮ್ ಉಸಿರು ಹಿಡಿದು ಲೆನ್ಸ್ ತಿರುಗಿಸುತ್ತಿದ್ದ. ಬಂಡೆಯ ಅಂಚಿನಿಂದ ತಲೆ ಇನ್ನೇನು ಹೊರಗೆ ಬರಬೇಕು.

"ಹೋಯ್! ಹೋಯ್ ಹೋಯ್ ಹೋಯ್! ತ್ವಾಳೋ!"

ಬೀರಲಿಂಗಣ್ಣ ಎದ್ದು ನಿಂತಿದ್ದ. ಕಂಬಳಿ ಬೀಸುತ್ತ, ಕೋಲು ಎತ್ತಿ, ಮಸ್ಕಿ ಗುಡ್ಡದಲ್ಲಿ ತೋಳ ಕಂಡರೆ ಕೂಗುವ ಕೂಗನ್ನು ಪೂರಾ ಎದೆಯಿಂದ ಕೂಗಿದ. ಕಣಿವೆ ಅದನ್ನು ನಾಲ್ಕು ಸಲ ಕೂಗಿ ನಮಗೇ ಒಪ್ಪಿಸಿತು. ಬಾಲ ಇಲ್ಲ. ಬಂಡೆ ಮಾತ್ರ ಇತ್ತು. ಮೇಲಿದ್ದ ಹಿಂಡು ಬೆದರಿ, ಸಡಿಲಗಲ್ಲಿನ ಇಳಿಜಾರಿನಲ್ಲಿ ದಡದಡ ಕೆಳಗಿಳಿದು, ಎರಡಾಗಿ ಒಡೆದು, ದಿಕ್ಕಾಪಾಲಾಗಿ ಓಡಿತು. ಒಂದು ಮರಿ ಮಾತ್ರ ಕೊರಕಲಿನ ಆಚೆ, ಒಂದು ಚಾಚುಬಂಡೆಯ ಮೇಲೆ ಉಳಿದುಬಿಟ್ಟಿತು.

ನನ್ನ ಬಾಯಿಗೆ ಬೀಗ ಇರಲಿಲ್ಲ. "ನಿಮ್ಮಪ್ಪನ ಕುರಿ ಕಾಯಾಕ ಬಂದೀಯೇನು ಇಲ್ಲಿ?" ಎಂದು ಶುರುಮಾಡಿ, ಅನ್ನಬಾರದ್ದನ್ನೆಲ್ಲ ಅಂದೆ. ನಮ್ಮ ತಂದೆ ಇದ್ದಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಅಜೀಮ್ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಿದ್ದ. ಬೀರಲಿಂಗಣ್ಣ ಕೋಲು ಇಳಿಸಿ ನಿಂತಿದ್ದ.

"ಬಾಯಿ ತಾನಽ ಒದರ್ತು ಲಕ್ಷ್ಮಣ್ಣ," ಎಂದ. "ನಾ ಒದರಲಿಲ್ಲ."

ಸಿಟ್ಟಾಗದವನು ತಂಡುಪ್ ಒಬ್ಬನೇ. ಅವನು ಬೀರಲಿಂಗಣ್ಣನನ್ನು ಕೂರಿಸಿಕೊಂಡು ಸಾವಕಾಶವಾಗಿ ಹೇಳಿದ. ಹರಿದ ಕಿವಿಯ ಮುದುಕಿ ನಮಗಿಂತ ಮೊದಲೇ ಹಿಮಚಿರತೆಯನ್ನು ನೋಡಿತ್ತು. ಅದರ ಕಡೆಗೇ ಮುಖಮಾಡಿ ನಿಂತಿತ್ತು, ನೀನು ಗಮನಿಸಲಿಲ್ಲ. ಮರಿಗಳೆಲ್ಲ ಆಗಲೇ ಕಡಿದಾದ ಗೋಡೆಯ ಬದಿಗೆ ಸರಿದಿದ್ದವು. ಚಿರತೆ ಒಂದು ಹೆಜ್ಜೆ ಇಟ್ಟಿದ್ದರೆ ಇವು ಗೋಡೆ ಹತ್ತಿಬಿಡುತ್ತಿದ್ದವು, ಅಲ್ಲಿಗೆ ಅದು ಬರಲಾರದು. ನೀನು ಕೂಗಿದೆ, ಅವು ಗೋಡೆ ಬಿಟ್ಟು ಬಯಲಿಗೆ ಓಡಿದವು. ಈಗ ಆ ಮರಿ ಅಲ್ಲಿದೆ, ತಾಯಿ ಎಲ್ಲಿಗೆ ಹೋಯಿತೋ.

ಬೀರಲಿಂಗಣ್ಣ ಹೋಗಿ ಅದೇ ಬಂಡೆಗೆ ಒರಗಿ ಕೂತ. ಆ ಸಂಜೆ ಊಟಕ್ಕೂ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಮರುದಿನ ನಾವು ಕೆಳಗಿಳಿಯಬೇಕು. ಆರನೇ ದಿನ. ಡೇರೆ ಬಿಚ್ಚುತ್ತಿದ್ದಾಗ ಅವನು ಬಂಡೆಯ ಹತ್ತಿರದಿಂದಲೇ ಹೇಳಿದ, "ನೀವು ಇಳೀರಿ. ನಾ ಬರಂಗಿಲ್ಲ. ತಾಯಿ ಮರೀನ ನಾ ಅಗಲಿಸೀನಿ. ಅವು ಕೂಡೂತನಕ ಹೆಂಗ ಹೋಗ್ಲಿ?"

ಮರಿ ಇನ್ನೂ ಜೀವಂತ ಇತ್ತು. ಅದೇ ಚಾಚುಬಂಡೆ, ಅದೇ ಜಾಗ. ಆಗಾಗ ಸಣ್ಣ ದನಿಯಲ್ಲಿ ಅರಚುತ್ತಿತ್ತು. ನಾನು ಗೊಣಗಿದೆ. ಹಿಟ್ಟು ಒಂದು ಹೊತ್ತಿಗೆ ಆಗುವಷ್ಟು ಮಾತ್ರ ಉಳಿದಿದೆ ಎಂದೆ. ಕೊನೆಗೆ ನಾನೇ ಡೇರೆಯ ಗೂಟ ಮತ್ತೆ ಬಡಿದೆ. ಬಿಟ್ಟು ಹೋಗಲು ನನಗೂ ಆಗಲಿಲ್ಲ.

ಆ ಬೆಳಗ್ಗೆ ನಾನು ಹಿಂಡು ನೋಡಲಿಲ್ಲ, ಬೀರಲಿಂಗಣ್ಣನನ್ನೇ ನೋಡುತ್ತ ಕೂತೆ. ಮರಿ ಇದ್ದದ್ದು ಎರಡು ಫರ್ಲಾಂಗು ದೂರದಲ್ಲಿ. ಅವನ ಕಾಲಿಗೆ ಅದು ಲೆಕ್ಕವೇ ಅಲ್ಲ. ಆದರೆ ಮನುಷ್ಯರು ಹತ್ತಿರ ಹೋದರೆ ತಾಯಿ ವಾಪಸು ಬರುವುದಿಲ್ಲ ಎಂದು ತಂಡುಪ್ ಹೇಳಿದ್ದ. ಮರಿ ಅರಚಿದಾಗೆಲ್ಲ ಅವನ ಮೈ ಎದ್ದು ನಿಲ್ಲುತ್ತಿತ್ತು. ಮೂರು ಸಲ ಎದ್ದ, ಮೂರು ಸಲ ಕೂತ. ನಾಲ್ಕನೆಯ ಸಲ ಎಲುಬು ತಿನ್ನುವ ಹದ್ದು ಚಾಚುಬಂಡೆಯ ಮೇಲೆ ಸುತ್ತು ಹೊಡೆಯಿತು. ಅವನ ಬಾಯಿ ತೆರೆಯಿತು. ಕೂಗು ಗಂಟಲಿಗೆ ಬಂದದ್ದು ನನಗೆ ಕಾಣಿಸಿತು. ಕಂಬಳಿಯ ಚುಂಗು ಹಿಡಿದು ಬಾಯಿಗೆ ತುರುಕಿಕೊಂಡು, ಹಲ್ಲು ಕಚ್ಚಿ ಕೂತ. ಕಣ್ಣಲ್ಲಿ ನೀರು ಬಂದಿತ್ತು. ನಲವತ್ನಾಲ್ಕು ವರ್ಷ ಕೂಗಿ ಕಾಯ್ದ ಮನುಷ್ಯ ಕೂಗದೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಹಿಂದಿನ ದಿನ ಅಂದ ಮಾತುಗಳಿಗೆ ನಾಚಿಕೆಯಾಯಿತು.

ಹನ್ನೊಂದರ ಸುಮಾರಿಗೆ ಗುಡ್ಡದ ನೆತ್ತಿಯಲ್ಲಿ ಎರಡು ತಲೆ ಕಂಡವು. ಒಂದು ಮರಿಯ ತಾಯಿ. ಇನ್ನೊಂದು ಹರಿದ ಕಿವಿಯ ಹಿರೇವ್ವ. ನಮ್ಮ ಕಣ್ಣಿಗೆ ಬೆರಳಿಡುವಷ್ಟೂ ಜಾಗ ಕಾಣದ ಗೋಡೆಯ ಮೇಲೆ ಅವೆರಡೂ ಇಳಿದು ಬಂದವು. ತಾಯಿ ಒಂದು ಸಲ ಕರೆಯಿತು. ಮರಿ ಬಂಡೆಯಿಂದ ನೆಗೆದು, ಜಾರಿ, ಮತ್ತೆ ನೆಗೆದು, ಹೋಗಿ ಮೊಲೆಗೆ ಬಾಯಿ ಹಾಕಿತು. ಅಜೀಮನ ಕ್ಯಾಮೆರಾ ಟಕಟಕ ಅನ್ನತೊಡಗಿತು.

ಆಮೇಲೆ ಅವು ಮೇಲೆ ಹತ್ತತೊಡಗಿದವು. ತಾಯಿ ಮುಂದೆ, ಮರಿ ಅದರ ಹಿಂದೆ. ಹಿರೇವ್ವ ಒಂದು ಬದಿಗೆ ಸರಿದು ನಿಂತು, ಅವೆರಡನ್ನೂ ಮುಂದೆ ಬಿಟ್ಟು, ಕೊನೆಗೆ ತಾನು ಹೊರಟಿತು. ಮರಿ ತಡೆದು ನಿಂತಾಗ ತಾನೂ ನಿಲ್ಲುತ್ತಿತ್ತು. ಒಂದು ಸಲವೂ ದಾಟಿ ಮುಂದೆ ಹೋಗಲಿಲ್ಲ. ನೆತ್ತಿ ದಾಟಿ ಮರೆಯಾಗುವವರೆಗೂ ಹಾಗೆಯೇ ಹೋಯಿತು.

ಬೀರಲಿಂಗಣ್ಣ ಬಾಯಿಂದ ಕಂಬಳಿ ತೆಗೆದ. "ಮುದುಕಿ ಹಿಂದ ನಡದ್ಲು, ನೋಡಿದೇನು?" ಎಂದು ಕೇಳಿದ. ನೋಡಿದೆ ಎಂದೆ.

ಇಳಿಯುವ ದಾರಿಯಲ್ಲಿ ನಾನು ಕ್ಷಮೆ ಕೇಳಲು ಎರಡು ಸಲ ಬಾಯಿ ತೆಗೆದೆ. ಎರಡು ಸಲವೂ ಅವನು ಏನೋ ಹುಲ್ಲು ತೋರಿಸಿ, ಇದು ನಮ್ಮ ಕಡೆ ಬೆಳೆದರೆ ಎಷ್ಟು ಚೆನ್ನ ಎಂದು ಮಾತು ಬದಲಿಸಿದ. ನೆಟ್‌ವರ್ಕ್ ಬಂದಾಗ ಮಗಳಿಗೆ ಫೋನು ಹಚ್ಚಿದ. ಈ ಸಲ ನೀರಿನ ಮಾತಿಲ್ಲ, ಹಳ್ಳದ ಮಾತಿಲ್ಲ. "ಆರಾಮ ಅದೀಯೇನವಾ?" ಎಂದು ಕೇಳಿ ಇಟ್ಟುಬಿಟ್ಟ. ಪಂದ್ಯದ ಬಗ್ಗೆ ಚಕಾರವಿಲ್ಲ. ಗುಡ್ಡದ ಮೇಲೆ ನಡೆದದ್ದು ನಾಗವೇಣಿಗೆ ಹೇಗೆ ಗೊತ್ತಾಗಬೇಕು? ಕಾಯೋರಿಲ್ಲದೆ ಒಂದು ಮರಿ ಹೋಯಿತು ಎಂದು ಇವನು ಹೇಳಿಬಿಟ್ಟರೆ ಅವಳು ನಂಬಬೇಕು. ರೈಲಿನುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ನಾನಾಗಿದ್ದರೆ ಬಹುಶಃ ಸುಳ್ಳು ಹೇಳುತ್ತಿದ್ದೆ. ನಲವತ್ನಾಲ್ಕು ವರ್ಷದ ಜಾಗ ಯಾರು ಬಿಡುತ್ತಾರೆ?

ಜುಲೈ ಕೊನೆಯ ವಾರ ನನ್ನ ವಾರದ ರಜೆಗೆ ಅಜೀಮನ ಬೈಕಿನಲ್ಲಿ ಇಬ್ಬರೂ ಮಸ್ಕಿ ಕಡೆಗೆ ಹೊರಟೆವು. ಅಜೀಮ್ ತಾಯಿ, ಮರಿ, ಹಿರೇವ್ವರ ಚಿತ್ರವನ್ನು ಚೌಕಟ್ಟು ಹಾಕಿಸಿ ತಂದಿದ್ದ. ಹಿಮಚಿರತೆಯ ಬಾಲದ ಮಸುಕು ಚಿತ್ರ ಅವನ ಸ್ಟುಡಿಯೋ ಗೋಡೆಯ ಮೇಲಿದೆ. ಬಂದವರೆಲ್ಲ ಇದೇನು ಹಗ್ಗ ಎಂದು ಕೇಳುತ್ತಾರೆ.

ಎಂಟು ದಿನದಿಂದ ಮಳೆ ಬಿಡುವು ಕೊಟ್ಟಿತ್ತು. ಗುಡ್ಡದ ಮಗ್ಗುಲಿನ ಬಂಡಿದಾರಿಯಲ್ಲಿ ಹಿಂಡು ಎದುರಿಗೆ ಬರುತ್ತಿತ್ತು. ಮುಂದೆ ಒಂದು ಆಕೃತಿ, ಹೆಗಲ ಮೇಲೆ ಅಡ್ಡ ಕೋಲು, ಕೋಲಿನ ತುದಿಗೆ ಜೋತುಬಿಟ್ಟ ಕೈಗಳು. ಹತ್ತಿರ ಬಂದಾಗ ಸೀರೆ ಕಂಡಿತು. ನಾಗವೇಣಿ. ನಾನು ಬೈಕಿನಿಂದ ಇಳಿದವನು ನಿಂತೇಬಿಟ್ಟೆ.

ನಾನು ಕೇಳದಿದ್ದರೂ ಅವಳು ಹೇಳಿದಳು. "ಬಂದ ದಿನಾನಽ ಹೇಳಿದ ರೀ ಅಪ್ಪ. ಮನಿಯೊಳಗ ಇನ್ನಾ ಕಾಲು ಇಟ್ಟಿರಲಿಲ್ಲ. 'ಕಾಯೋರಿಲ್ಲದಽ ಬದುಕ್ಯಾವವಾ, ನಾ ಕಾಯಾಕ ಹೋಗಿ ಕೆಡಿಸಿದ್ನಿ' ಅಂದ. ಮರುದಿನ ಹೊತ್ತು ಹೊಂಡೂ ಮುಂದ ನಾ ಎದ್ದು ನೋಡಿದ್ರ, ಕುರಿ ಹಿಂದ ಹೋಗಿ ನಿಂತಾನ."

"ಹಿಂದಿನಿಂದ ಇಲ್ಲಿ ತಿರುಗು, ಅಲ್ಲಿ ತಿರುಗು ಅಂತ ಒದರಾಂಗಿಲ್ಲೇನು?" ಎಂದು ಅಜೀಮ್ ಕೇಳಿದ.

"ಮೊನ್ನೆ ತ್ವಾಳ ಬಂದಿತ್ರಿ, ಆ ಜಾಲಿ ಗಿಡದ ಮರೆಯಾಗ. ನಾ ಮೊದಲಽ ನೋಡಿದ್ದೆ. ಸುಮ್ಕ ಕುರಿ ಬಯಲಿಗೆ ತಿರುವಿದ್ನಿ, ಅದು ಹೋತು. ಅಪ್ಪ ಒದರ್ತಾನ ಅನ್ಕೊಂಡಿದ್ದೆ. ಒದರಲಿಲ್ಲ. ಹೊಳ್ಳಿ ನೋಡಿದ್ರ ಬಾಯಾಗ ಕಂಬಳಿ ಕಚ್ಚಿಕೊಂಡು ನಿಂತಾನ." ಅವಳು ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಅವಳು ದಾಪುಗಾಲು ಹಾಕಿ ಮತ್ತೆ ಹಿಂಡಿನ ಮುಂದೆ ಸೇರಿದಳು. ಕುರಿಗಳು ನಮ್ಮನ್ನು ದಾಟಿಕೊಂಡು ಹೋಗುತ್ತಲೇ ಇದ್ದವು. ಕೊನೆಯ ಕುರಿಗಳ ಹಿಂದೆ ಧೂಳಿನ ಗೋಡೆ. ಅದರೊಳಗಿಂದ ಕೆಮ್ಮು ಕೇಳಿಸಿತು. ಆಮೇಲೆ ಬೀರಲಿಂಗಣ್ಣ ಹೊರಬಂದ. ಮೂಗಿಗೆ ಟವೆಲು ಕಟ್ಟಿದ್ದ, ರೆಪ್ಪೆ ಹುಬ್ಬಿಗೆಲ್ಲ ಕೆಂಪು ಧೂಳು. ಕಂಕುಳಲ್ಲಿ ಒಂದು ಸೋತ ಮರಿ. ಅಜೀಮ್ ಚಿತ್ರ ಕೊಟ್ಟ. ಒಂದು ಕೈಯಲ್ಲೇ ಹಿಡಿದು, ಹರಿದ ಕಿವಿಯ ಮುದುಕಿಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ ಒರೆಸಿ ನೋಡಿದ.

"ಹೆಂಗೈತಿ ಅಣ್ಣಾ, ಹಿಂದಿನ ಕೆಲಸ?" ಎಂದು ಕೇಳಿದೆ.

ಟವೆಲು ಕೆಳಗೆ ಸರಿಸಿ, ಉಗುಳಿ, ಮುಂದೆ ಹೋಗುತ್ತಿದ್ದ ಮಗಳ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದ.

"ಇಲ್ಲಿ ಇಷ್ಟು ಧೂಳು ಇರತೈತಂತ ನನಗ ನೆನಪಽ ಉಳಿದಿರಲಿಲ್ಲ ಲಕ್ಷ್ಮಣ್ಣ," ಎಂದ. "ಇಪ್ಪತ್ತೆರಡು ವರ್ಸ ಇದನ್ನ ಕುಡದಾಳ. ಒಂದು ದಿನಾನೂ ಹೇಳಿಲ್ಲ."

ಟವೆಲು ಮತ್ತೆ ಮೂಗಿಗೆ ಏರಿಸಿಕೊಂಡು ಕುರಿಗಳ ಹಿಂದೆ ಹೊರಟ.